ಆ ಕಟ್ಟರ್‌ಗೆ ಸ್ವಲ್ಪ ನೀರು ಬಿಡಿ ಮಾರಾಯ್ರೆ

ಇವತ್ತು ಬೆಳಿಗ್ಗೆ ಮಂಗಳೂರಿನ ಬಿಜೈಯಲ್ಲಿ ನೋಡಿದ್ದು. ಹೊಸ ಮನೆ, ಅಂಗಳಕ್ಕೆ ಇಂಟರ್‌ಲಾಕ್ ಹಾಕ್ತಾ ಇದ್ದರು. ಇಪ್ಪತ್ತು ದಾಟಿರಲಿಕ್ಕಿಲ್ಲದ ಹುಡುಗನೊಬ್ಬ ಬ್ಲಾಕನ್ನು ಕಾಲಲ್ಲಿ ಅದುಮಿ ಹಿಡಿದು ಒಣಕಟ್ಟರ್ ಓಡಿಸ್ತಿದ್ದ. ಮುಖಕ್ಕೆ ಬೈರಾಸು ಸುತ್ತಿದ್ದ. ರೆಪ್ಪೆ, ಹುಬ್ಬು ಎಲ್ಲ ಬೂದಿ ಬಣ್ಣ. ಅಂಗಳದಲ್ಲಿದ್ದ ಕಾರಿಗೆ ಧೂಳು ಕೂರದ ಹಾಗೆ ಟಾರ್ಪಲ್ ಹೊದಿಸಿದ್ದರು. ಪಕ್ಕದಲ್ಲೇ ಗಿಡಗಳಿಗೆ ನೀರು ಬಿಡುವ ಪೈಪು, ನಲ್ಲಿಗೆ ಸಿಕ್ಕಿಸಿಯೇ ಇತ್ತು!

ಆ ಪೈಪು ಕಂಡದ್ದೇ ನನಗೆ ಪಿತ್ತ ನೆತ್ತಿಗೇರಿತು.

ಅಪ್ಪ ಕಾರ್ಕಳದಲ್ಲಿ ಕಲ್ಲು ಕೆತ್ತುತ್ತಿದ್ದದ್ದು ನಿಮಗೆಲ್ಲ ಗೊತ್ತು. ಕೊನೆಯ ವರ್ಷಗಳಲ್ಲಿ ಜಗಲಿಯ ಮೆಟ್ಟಿಲು ಹತ್ತಲಿಕ್ಕೂ ಅವರಿಗೆ ನಡುವೆ ನಿಲ್ಲಬೇಕಿತ್ತು. ಕೆಮ್ಮಿಗೆ ಟಿಬಿ ಮದ್ದು ಕೊಟ್ಟರು, ಗುಣ ಕಾಣಲಿಲ್ಲ. ಇಷ್ಟು ವರ್ಷ ಎಂತ ಕೆಲಸ ಮಾಡಿದ್ದು ಅಂತ ಒಬ್ಬ ಡಾಕ್ಟರೂ ಕೇಳಲಿಲ್ಲ. ಕಲ್ಲು, ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹೊಕ್ಕು ಬರುವ ಕಾಯಿಲೆ ಸಿಲಿಕೋಸಿಸ್; ಅದು ಮತ್ತು ಟಿಬಿ ಎಕ್ಸ್‌ರೇಯಲ್ಲಿ ಒಂದರ ಹಾಗೆ ಇನ್ನೊಂದು ಕಾಣುವುದುಂಟು. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಟಿಬಿ ಹಿಡಿಯುವುದೂ ಸುಲಭ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸಿಲಿಕೋಸಿಸ್ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ. ಮನೆಯಂಗಳದಲ್ಲಿ ನಾಲ್ಕು ದಿನ ಕೆಲಸ ಮಾಡಿ ಹೋಗುವ ಹುಡುಗನ ಬಗ್ಗೆ ಯಾರು ವರದಿ ಮಾಡ್ತಾರೆ?

ಅಪ್ಪನ ಉಳಿ-ಸುತ್ತಿಗೆಯಲ್ಲೂ ಧೂಳಿತ್ತು. ಗ್ರೈಂಡರ್ ಬಂದ ಮೇಲೆ ಅದು ಹಿಟ್ಟಿಗಿಂತ ನುಣ್ಣಗಾಗಿದೆ. ನಮ್ಮ ಕಣ್ಣಿಗೆ ಕಾಣುವ ಧೂಳು ಹೆಚ್ಚಿನದು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕಾಣದ ಕಣ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅದನ್ನು ನುಂಗಿದ ರಕ್ಷಣಾ ಕೋಶಗಳೇ ಸಾಯುತ್ತವೆ, ಅಲ್ಲಿ ಗಾಯದ ಕಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. ಗುಣಪಡಿಸುವ ಮದ್ದಿಲ್ಲ. 1997ರಲ್ಲೇ ಈ ಸಿಲಿಕಾ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಫ್ಲ್ಯಾಟುಗಳ ಅಡುಗೆಮನೆಗೆ ಈಗ ಹಾಕಿಸುವ ಕ್ವಾರ್ಟ್ಜ್ ಕಲ್ಲಿನಲ್ಲಿ ಸಿಲಿಕಾ ಶೇ. 90ರ ಮೇಲೂ ಇರುತ್ತದೆ. ಆ ಕೃತಕ ಕಲ್ಲನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿಯೇ ಬಿಟ್ಟಿತು.

"ಮಾಸ್ಕ್ ಕೊಟ್ಟರೂ ಅವರು ಹಾಕುವುದಿಲ್ಲ" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಯಾವ ಮಾಸ್ಕ್ ಕೊಟ್ಟಿರಿ? ಬಟ್ಟೆಯದ್ದು ಈ ಕಣವನ್ನು ತಡೆಯುವುದಿಲ್ಲ. ಎನ್95 ಕೊಟ್ಟರೂ ಏಪ್ರಿಲ್ ಸೆಕೆಯಲ್ಲಿ ಎಂಟು ಗಂಟೆ ಕಟ್ಟಿಕೊಂಡು ಕಲ್ಲು ಹೊರಲು ನಮ್ಮಿಂದಾಗುತ್ತದಾ? ಮೊದಲು ಧೂಳು ಏಳದ ಹಾಗೆ ಮಾಡಬೇಕು, ಮಾಸ್ಕ್ ಅದರ ಮೇಲೆ. ಬ್ಲೇಡಿಗೆ ನೀರು ಬೀಳುತ್ತಿದ್ದರೆ ಹೆಚ್ಚಿನ ಧೂಳು ಕೆಸರಾಗಿ ಅಲ್ಲೇ ಇಳಿಯುತ್ತದೆ. ನೀರು ಆಗದ ಕಡೆ ಗ್ರೈಂಡರಿಗೆ ಕವಚ ಹಾಕಿ ವ್ಯಾಕ್ಯೂಮ್ ಜೋಡಿಸುತ್ತಾರೆ. ಸಂಜೆ ಒಣ ಹಿಡಿಸೂಡಿಯಲ್ಲಿ ಗುಡಿಸಿದರೆ ಕೂತ ಧೂಳೆಲ್ಲ ಮತ್ತೆ ಏಳುತ್ತದೆ, ಅದಕ್ಕೂ ಮೊದಲು ನೀರು ಚಿಮುಕಿಸಬೇಕು. ನೀರಿದ್ದಲ್ಲಿ ಶಾಕ್ ಹೊಡೆಯುವ ಭಯ ನಿಜವೇ. ಅದಕ್ಕೆ ನೀರಿನ ಕೆಲಸಕ್ಕೆಂದೇ ಮಾಡಿದ ಕಟ್ಟರ್ ತನ್ನಿ, ಲೈನಿಗೆ ಇಎಲ್‌ಸಿಬಿ (ಕರೆಂಟ್ ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಹಾಕಿಸಿ. ಮನೆ ಕಟ್ಟಿಸುವ ಖರ್ಚಿನಲ್ಲಿ ಅದೆಷ್ಟಾದೀತು?

ಇದನ್ನು ಕೇಳಬೇಕಾದವರು ಕೆಲಸ ಕೊಡುವ ನಾವು. ಕಂಟ್ರಾಕ್ಟರ್ ಹತ್ತಿರ ಟೈಲ್ಸಿನ ಅಂಚು ಅರ್ಧ ಇಂಚು ತಪ್ಪಿದರೆ ಜಗಳ ಮಾಡ್ತೇವೆ, ಕಟ್ಟರ್ ಒಣಗಿ ಓಡುವುದನ್ನು ನೋಡಿಕೊಂಡು ಒಳಗೆ ಹೋಗಿ ಕಿಟಕಿ ಹಾಕಿಕೊಳ್ತೇವೆ. ದೇವಸ್ಥಾನಗಳ ಜೀರ್ಣೋದ್ಧಾರದ ಸಮಿತಿಗಳಿಗೂ ಇದೇ ಮಾತು ಹೇಳ್ತೇನೆ, ಬೇಜಾರು ಮಾಡಬೇಡಿ. ಶಿಲಾಮಯ ಗರ್ಭಗುಡಿಯ ಕಲ್ಲನ್ನು ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಗ್ರೈಂಡರ್ ಹಿಡಿದು ಕೆತ್ತುವವರೂ ಮನುಷ್ಯರು. ಬ್ರಹ್ಮಕಲಶದ ಲೈಟಿಂಗ್, ಪೆಂಡಾಲಿಗೆ ಎಸ್ಟಿಮೇಟ್ ಇರುತ್ತದೆ. ಆ ಶೆಡ್ಡಿಗೆ ನೀರಿನ ಲೈನು ಯಾವ ಪಟ್ಟಿಯಲ್ಲೂ ನಾನು ಕಂಡಿಲ್ಲ.

ಆದಿತ್ಯವಾರ ನಮ್ಮೂರ ಸಮಿತಿಯ ಮೀಟಿಂಗ್ ಇದೆ. ನೀರಿನ ಲೈನು, ವ್ಯಾಕ್ಯೂಮ್, ಕೆತ್ತುವವರಿಗೆಲ್ಲ ವರ್ಷಕ್ಕೊಮ್ಮೆ ಎಕ್ಸ್‌ರೇ, ಈ ಮೂರನ್ನೂ ಎಸ್ಟಿಮೇಟಿಗೆ ಸೇರಿಸಿ ಅಂತ ಕೇಳ್ತೇನೆ. ಸೇರಿಸದಿದ್ದರೆ ನಮ್ಮ ಮನೆಯ ವಂತಿಗೆ ನೇರ ಆ ಶೆಡ್ಡಿನ ಪೈಪಿಗೆ ಹೋಗುತ್ತದೆ, ರಶೀದಿ ಕೊಡದಿದ್ದರೂ ಅಡ್ಡಿಯಿಲ್ಲ.