ಪುಟ್ಟಿ ಹಚ್ಚಿದರೆ ನೆಗ್ಗು ಹೋಗುತ್ತಾ?

ಇವತ್ತೂ ಸೈಟಿನವರದ್ದು ಅದೇ ಮಾತು. "ಸಣ್ಣ ನೆಗ್ಗು ತಾನೇ ಸಾರ್, ಪುಟ್ಟಿ ಹಚ್ಚಿ ಪೇಂಟ್ ಹೊಡೆದ್ರೆ ಗೊತ್ತೇ ಆಗಲ್ಲ." ಕೇಳಿ ಕೇಳಿ ರೋಸಿ ಹೋಗಿದ್ದೇನೆ.

ಧಾನ್ಯ ತುಂಬುವ ಉಕ್ಕಿನ ಸೈಲೋ ಅದು, ಅಂದರೆ ದುಂಡನೆಯ ಎತ್ತರದ ಕಣಜ. ತ್ರಿಜ್ಯ 3 ಮೀಟರ್, ತಗಡು ಬರೀ 6 ಮಿ.ಮೀ. ಎತ್ತುವಾಗ ಕ್ರೇನಿನ ಕೊಕ್ಕೆ ಬಡಿದಿದೆ. ಗೋಡೆಯ ಬಾಗಿಗೆ ತಕ್ಕಂತೆ ಕತ್ತರಿಸಿದ ಟೆಂಪ್ಲೇಟ್ ಒತ್ತಿ ಹಿಡಿದು ಪಕ್ಕದಿಂದ ಟಾರ್ಚ್ ಬಿಟ್ಟೆ. ಸಂದಿಯಲ್ಲಿ ಬೆಳಕು ತೂರಿ ಬಂತು. ಅಳೆದರೆ 9 ಮಿ.ಮೀ. ತಗಡಿನ ದಪ್ಪಕ್ಕಿಂತ ಜಾಸ್ತಿ! ಇದು ಸಣ್ಣದಾ?

ತೆಳು ತಗಡಿಗೆ ದಪ್ಪದ ಬಲ ಎಲ್ಲಿದೆ ಹೇಳಿ? ಅದನ್ನು ನಿಲ್ಲಿಸಿರುವುದೇ ಆ ದುಂಡು ಆಕಾರ. ಖಾಲಿ ಸೋಡಾ ಕ್ಯಾನ್ ಮೇಲೆ ಹುಷಾರಾಗಿ ನಿಂತರೆ ಅದು ಆಳಿನ ಭಾರ ಹೊರುತ್ತದೆ. ಪಕ್ಕದಲ್ಲಿ ಯಾರಾದರೂ ಬೆರಳಿನಿಂದ ಒತ್ತಿದರೆ ಸಾಕು, ಒಂದೇ ಏಟಿಗೆ ಚಪ್ಪಟೆ. ಸೈಲೋದಲ್ಲೂ ಹಾಗೇ. ಧಾನ್ಯ ಗೋಡೆಗೆ ಉಜ್ಜಿ ಕೆಳಕ್ಕೆ ಜಗ್ಗುತ್ತದೆ, ಆ ಭಾರವೆಲ್ಲ ತಗಡಿನ ಮೇಲೆ. ಅದು ಬಾಗುವ ಮುಂಚೆ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಇದು ನನ್ನ ತಲೆಯಿಂದ ಬಂದದ್ದಲ್ಲ. ಇಂಥ ಸಣ್ಣ ಊನವೇ ಬಲವನ್ನು ಹೇಗೆ ತಿಂದುಹಾಕುತ್ತದೆ ಅಂತ ಡಚ್ ಎಂಜಿನಿಯರ್ ಕೊಯ್ಟರ್ 1945ರಲ್ಲೇ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದ್ದ.

"ಸೇಫ್ಟಿ ಫ್ಯಾಕ್ಟರ್ ಇದೆಯಲ್ಲ" ಅನ್ನುತ್ತಾರೆ, ಅಂದರೆ ಲೆಕ್ಕದಲ್ಲಿ ಮೊದಲೇ ಬಿಟ್ಟಿರುವ ಹೆಚ್ಚುವರಿ ಬಲ. ಇದೆ, ಯಾತಕ್ಕೆ ಅಂತ ಕೇಳಿದ್ದೀರಾ? ತೆಳು ದುಂಡು ಗೋಡೆಗಳಿಗೆ ನಾಸಾ ಕೊಟ್ಟ 1968ರ ಮಾರ್ಗಸೂಚಿ ಹಿಡಿದರೆ, ಈ ಅಳತೆಯ ಗೋಡೆಗೆ, ಊನವೇ ಇಲ್ಲ ಅಂದುಕೊಂಡು ಸೂತ್ರ ಕೊಡುವ ಬಲದಲ್ಲಿ ಮೂರನೇ ಒಂದು ಪಾಲನ್ನಷ್ಟೇ ನಂಬಬೇಕು. ಆ ಕಡಿತ ಹುಷಾರಾಗಿ ಮಾಡಿದ ಗೋಡೆಯಲ್ಲೂ ಉಳಿಯುವ ಏರುತಗ್ಗಿಗೆ. ಸುತ್ತು ವೆಲ್ಡಿಂಗ್ ಹತ್ತಿರ ತಗಡು ಒಳಕ್ಕೆ ಎಳೆದುಕೊಳ್ಳುತ್ತದಲ್ವಾ, ಅಂಥದ್ದಕ್ಕೆ. ನಿಮ್ಮ ಕೊಕ್ಕೆಯ ಏಟನ್ನು ಅದರಲ್ಲಿ ಯಾರೂ ಸೇರಿಸಿಲ್ಲ!

ಪುಟ್ಟಿ ಕಣ್ಣಿಗೆ ಮಣ್ಣೆರಚುತ್ತದೆ, ಭಾರ ಹೊರುವುದಿಲ್ಲ. ಮುಂದೆ ಪರೀಕ್ಷೆಗೆ ಬರುವವನಿಗೆ ನೆಗ್ಗು ಇತ್ತು ಅಂತಲೂ ತಿಳಿಯುವುದಿಲ್ಲ. ಆ ಗೋಡೆಯ ಪಕ್ಕದಲ್ಲೇ ದಿನವೂ ಜನ ಓಡಾಡುತ್ತಾರೆ.

ಬೆಳಿಗ್ಗೆ ನೆಗ್ಗಿನ ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದು, 'ಈ ತುಂಡು ಬದಲಿಸಿ' ಅಂತ ಬರೆದಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಗೆರೆಯೂ ಇಲ್ಲ, ಬರಹವೂ ಇಲ್ಲ. ಕೈಯಿಟ್ಟು ನೋಡಿದೆ. ಪುಟ್ಟಿ ಇನ್ನೂ ಹಸಿಯಾಗಿತ್ತು, ಬೆರಳಿಗೆ ಅಂಟಿತು.