ಎರಡು ಲಕ್ಷದ ಚುಕ್ಕೆ

ಫೆಬ್ರವರಿಯಲ್ಲಿ ಹಿಮಚಿರತೆಯ ಫೋಟೋ ತೆಗೆಯಲು ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಖರ್ಚು ಎರಡು ಲಕ್ಷದ ಮೇಲೆ. ಸಿಕ್ಕಿದ್ದು ಒಂದು ಚುಕ್ಕೆ. ಮೈಮೇಲಿನ ಚುಕ್ಕೆಯಲ್ಲ, ಇಡೀ ಚಿರತೆಯೇ ಒಂದು ಚುಕ್ಕೆ.

ಇದನ್ನು ಪ್ರವಾಸ ಅನ್ನಬಾರದಂತೆ, ‘ಎಕ್ಸ್‌ಪೆಡಿಷನ್’ ಅನ್ನಬೇಕು. ಕರೆದುಕೊಂಡು ಹೋದವರು ಗೈಡ್ ಅಲ್ಲ, ‘ಮೆಂಟರ್’. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಮೊದಲ ಎರಡು ದಿನ ಮೈ ಒಗ್ಗಲಿ ಎಂದು ಸುಮ್ನೆ ಮಲಗಬೇಕು. ಮನೆಯಲ್ಲಿ ಹೀಗೆ ಮಲಗಿದರೆ ಬೈಗುಳ ಸಿಗುತ್ತದೆ. ಅಲ್ಲಿ ಬಿಲ್ ಸಿಗುತ್ತದೆ.

ಮೂರನೇ ದಿನ ರುಂಬಕ್ ಕಣಿವೆ. ಬೆರಳೆಣಿಕೆಯ ಮನೆಗಳ ಊರು. ರಾತ್ರಿ ಮೈನಸ್ 20 ಡಿಗ್ರಿ. ಚಳಿಗೆ ಕ್ಯಾಮೆರಾ ಬ್ಯಾಟರಿ ಬೇಗ ಸಾಯುತ್ತದೆ ಎಂದು ಅದನ್ನು ಕಾಲುಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ಮಲಗಿದೆವು. ನನ್ನ ಮಗನನ್ನೂ ನಾನು ಅಷ್ಟು ಜೋಪಾನ ಮಾಡಿದವನಲ್ಲ.

ಹೆಮಿಸ್ ದೇಶದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ, ಸುಮಾರು 4,400 ಚದರ ಕಿಲೋಮೀಟರ್. ಅದರಲ್ಲಿ ಚಿರತೆಯನ್ನು ಹುಡುಕಿದವನು ಮೆಂಟರ್ ಅಲ್ಲ, ಊರಿನ ಹುಡುಗ. ಎದುರಿನ ಗುಡ್ಡಕ್ಕೆ ಒಮ್ಮೆ ಕಣ್ಣಾಡಿಸಿ “ಶಾನ್!” ಅಂದ. ಹಿಮಚಿರತೆಗೆ ಅಲ್ಲಿನ ಹೆಸರು ಅದು.

“ಎಲ್ಲಿ, ಎಲ್ಲಿ?”

“ಆ ಬೂದು ಬಂಡೆ ಕಾಣ್ತಿದೆಯಾ? ಅದರ ಎಡಕ್ಕೆ ಇನ್ನೊಂದು ಬೂದು ಬಂಡೆ. ಅದರ ಮೇಲೆ ಬೂದು ಬಂಡೆ ಥರ ಕಾಣ್ತಿದೆಯಲ್ಲ, ಅದೇ.”

ಎಂಟು ಜನರೂ “ಹಾಂ, ಕಾಣಿಸ್ತು” ಎಂದೆವು. ಎರಡು ಲಕ್ಷ ಕೊಟ್ಟವನು ಕಾಣಿಸಲಿಲ್ಲ ಅನ್ನುತ್ತಾನಾ? ನಾನಂತೂ ಮೊದಲ ನಲವತ್ತು ಫೋಟೋ ತೆಗೆದದ್ದು ಪಕ್ಕದ ಬಂಡೆಯದು. ಪಾಪ, ಅದು ಒಳ್ಳೆ ಪೋಸ್ ಕೊಟ್ಟಿತ್ತು.

ಒಂದು ಕಿಲೋಮೀಟರ್ ದೂರ. ಮಗುವಿನಷ್ಟು ಭಾರದ 600 ಮಿಲಿಮೀಟರ್ ಲೆನ್ಸಿನಲ್ಲೂ ಚುಕ್ಕೆಯೇ. ಆ ಹುಡುಗ ಮಾತ್ರ ತನ್ನ ದೂರದರ್ಶಕಕ್ಕೆ ಮೊಬೈಲ್ ಹಚ್ಚಿ ಒಂದು ಫೋಟೋ ತೆಗೆದ. ಅದರಲ್ಲಿ ಬಾಲವೂ ಕಂಡಿತು. ಯಾರೂ ಹೊಗಳಲಿಲ್ಲ. ಅವನದು ಪ್ರೊಫೆಷನಲ್ ಅಲ್ವಲ್ಲ! ಹಿಮಚಿರತೆ ಗರ್ಜಿಸುವ ಪ್ರಾಣಿಯೂ ಅಲ್ಲ. ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ತಕ್ಕ ಸೆಟ್ಟಿಂಗ್) ಎಷ್ಟಿರಬೇಕು ಎಂದು ನಾವೇ ಗರ್ಜಿಸಿದೆವು. ಅದು ಎದ್ದು ಹೋಯಿತು. ಅದು ಕಣ್ಣಿಟ್ಟಿದ್ದ ‘ನೀಲಿ ಕುರಿ’ಗಳೂ ಹೋದವು. (ಅವು ನೀಲಿಯೂ ಅಲ್ಲ, ಸರಿಯಾಗಿ ನೋಡಿದರೆ ಕುರಿಯೂ ಅಲ್ಲ. ಹೆಸರಿಟ್ಟವರು ನಮ್ಮ ಮೆಂಟರ್ ಇದ್ದ ಹಾಗೆ.)

ಸಂಜೆ ಒಲೆಯ ಮುಂದೆ ಕೂತಾಗ ಹೋಮ್‌ಸ್ಟೇಯ ಅಮಾ-ಲೇ (ಲಡಾಖಿಯಲ್ಲಿ ‘ಅಮ್ಮನವರು’) ಹಳೆಯ ಕಥೆ ಹೇಳಿದರು. ಹಿಂದೊಮ್ಮೆ ಶಾನ್ ಕೊಟ್ಟಿಗೆಗೆ ನುಗ್ಗಿ ಒಂದೇ ರಾತ್ರಿ ಕುರಿಗಳನ್ನೆಲ್ಲ ಕೊಂದಿತ್ತಂತೆ. ಈಗ ಕೊಟ್ಟಿಗೆಯ ಮೇಲೆ ತಂತಿಬಲೆ ಇದೆ, ಕೆಳಗೆ ನಮ್ಮಂಥವರ ದುಡ್ಡು ಬರುತ್ತದೆ. ಹಾಗಾಗಿ ಸಿಟ್ಟು ಕಡಿಮೆ. 2024ರಲ್ಲಿ ಬಂದ ಲೆಕ್ಕದಂತೆ ದೇಶದ 718 ಹಿಮಚಿರತೆಗಳಲ್ಲಿ 477 ಲಡಾಖಿನಲ್ಲೇ ಇವೆ. ಅಷ್ಟನ್ನು ಸಾಕುತ್ತಿರುವುದು ಈ ಅಮಾ-ಲೇಯಂಥವರ ತಾಳ್ಮೆ.

ನಮ್ಮ ತಂಡದ ಮೈಸೂರಿನ ಮಿತ್ರರಿಗೆ ಕಣ್ಣು ತುಂಬಿತು. “ನೀವು ಪುಣ್ಯವಂತರಮ್ಮಾ, ಚಿರತೆಯ ಜೊತೆ ಬದುಕ್ತೀರಿ. ಮನುಷ್ಯ ಕಲಿಯಬೇಕಾದ್ದೇ ಇದು” ಎಂದರು. ಅಮಾ-ಲೇ ಮಿತ್ರರ ಬಟ್ಟಲಿಗೆ ಇನ್ನಷ್ಟು ಉಪ್ಪಿನ ಚಹಾ ಸುರಿದರು.

ಮೈಸೂರಿಗೆ ಚಿರತೆ ಹೊಸದಲ್ಲ. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣಕ್ಕೇ ಬಂದು, ಉದ್ಯೋಗಿಗಳಿಗೆಲ್ಲ ಮನೆಯಿಂದಲೇ ಕೆಲಸ ಕೊಡಿಸಿತ್ತು. ಟಿಕೆಟ್ ಇಲ್ಲ, ಮೆಂಟರ್ ಇಲ್ಲ.

ಲೇಹ್‌ಗೆ ಮರಳಿ ನೆಟ್‌ವರ್ಕ್ ಸಿಕ್ಕಿದ್ದೇ ತಡ, ಮಿತ್ರರ ಫೋನಿಗೆ ಅವರ ಬಡಾವಣೆಯ ವಾಟ್ಸಾಪ್ ಗುಂಪಿನಿಂದ ಇನ್ನೂರಕ್ಕೂ ಜಾಸ್ತಿ ಮೆಸೇಜ್ ಬಂದು ಬಿದ್ದವು. ಹಿಂದಿನ ರಾತ್ರಿ ಅವರದೇ ಗೇಟಿನ ಮುಂದೆ ಚಿರತೆ. ಸಿಸಿಟಿವಿಯಲ್ಲಿ ಮೀಸೆಯಿಂದ ಬಾಲದ ತುದಿಯವರೆಗೆ ಸ್ಪಷ್ಟ. ಕ್ಯಾಮೆರಾವನ್ನೇ ನೇರವಾಗಿ ನೋಡುತ್ತಿತ್ತು. ಅಂಥ ಫೋಟೋಗೆ ನಮ್ಮ ಎಂಟು ಜನರಲ್ಲಿ ಯಾರಾದರೂ ಆಸ್ತಿ ಬರೆದುಕೊಡುತ್ತಿದ್ದರು.

ಮಿತ್ರರ ಮುಖ ಬಿಳಿಚಿತು. “ಅರಣ್ಯ ಇಲಾಖೆಯವರು ನಿದ್ದೆ ಮಾಡ್ತಿದ್ದಾರಾ? ಇವತ್ತೇ ಬೋನು ಇಡಿಸಿ. ಹಿಡಿದು ಎಲ್ಲಾದರೂ ದೂರ ಬಿಟ್ಟು ಬರಲಿ” ಎಂದು ಟೈಪ್ ಮಾಡಿ ಕಳಿಸಿದರು. ಆಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು.

“ಈ ಚುಕ್ಕೆ ಇನ್ನೂ ಸ್ವಲ್ಪ ಶಾರ್ಪ್ ಮಾಡ್ಲಾ?”