ಅವನಿಗೆ ಕತ್ತಲೆ ಯಾಕೆ ಬೇಕು ಮಾಮ?

ಹೋದ ಭಾನುವಾರ ದಾವಣಗೆರೆಯಲ್ಲಿ ಅಕ್ಕನ ಮಗನನ್ನು ಒಂದು ಫ್ಯಾಂಟಸಿ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ. ಅವನಿಗೆ ಒಂಬತ್ತು ವರ್ಷ. ಸಿನಿಮಾದ ಹೆಸರು ಬೇಡ ಬಿಡಿ. ಅದರಲ್ಲೊಬ್ಬ ಖಳ. ತಲೆ ಮೇಲೆ ಕೊಂಬು, ಕಣ್ಣಲ್ಲಿ ಬೆಂಕಿ, ಕಾಲಿಟ್ಟಲ್ಲೆಲ್ಲ ಕಪ್ಪು ಹೊಗೆ. ಲೋಕವನ್ನೆಲ್ಲ ಕತ್ತಲೆಯಲ್ಲಿ ಮುಳುಗಿಸ್ತೀನಿ ಅಂತ ಮೂರು ಸಲ ಅಬ್ಬರಿಸಿದ. ಸಿನಿಮಾ ಬಿಟ್ಟ ಮೇಲೆ ಗಾಡಿ ಮುಂದೆ ನಿಂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದೆವು. ಹುಡುಗ ಮಿರ್ಚಿಯ ತೊಟ್ಟು ಹಿಡಿದುಕೊಂಡೇ ಕೇಳಿದ: ‘ಮಾಮ, ಅವನಿಗೆ ಕತ್ತಲೆ ಯಾಕೆ ಬೇಕು?’

ನನ್ನ ಹತ್ರ ಉತ್ತರ ಇರಲಿಲ್ಲ. ಎರಡೂವರೆ ಗಂಟೆಯ ಆ ಸಿನಿಮಾದಲ್ಲೂ ಇರಲಿಲ್ಲ.

ನಮ್ಮಜ್ಜ ಜಗಳೂರು ಕಡೆಯವರು. ಸುಗ್ಗಿ ಮುಗಿದ ಮೇಲೆ ಊರಲ್ಲಿ ಬಯಲಾಟ ಆಡಿದರೆ ಹಿರಣ್ಯಕಶಿಪು ಪಾರ್ಟು ಅವರದ್ದೇ. ಕೈಗನ್ನಡಿ ಹಿಡಿದು ಕಾಡಿಗೆಯಲ್ಲಿ ಮೀಸೆ ತೀಡಿಕೊಳ್ಳುವಾಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಆಮೇಲೆ ಭುಜಕೀರ್ತಿ, ಕಿರೀಟ. ತೆರೆ ಹಿಂದಿನಿಂದ ಅಬ್ಬರಿಸಿಕೊಂಡು ಬಂದ ಕೂಡಲೇ ಆಟ ನಡೆಸಿಕೊಡುವ ಸಾರಥಿ ತಡೆದು ಕೇಳುತ್ತಿದ್ದ: ತಾವು ಯಾರು? ಎಲ್ಲಿಂದ ಬಂದಿರಿ? ಬಂದ ಕಾರಣವೇನು? ಎಂಥ ರಾಕ್ಷಸನಾದರೂ ಇದಕ್ಕೆ ಉತ್ತರ ಕೊಡದೆ ಆಟ ಮುಂದೆ ಹೋಗುವ ಹಾಗಿರಲಿಲ್ಲ. ಅಜ್ಜ ಹೇಳುತ್ತಿದ್ದರು: ನನ್ನ ತಮ್ಮ ಹಿರಣ್ಯಾಕ್ಷನನ್ನು ಹಂದಿಯ ರೂಪದಲ್ಲಿ ಬಂದು ಕೊಂದರು. ನಾನು ತಪಸ್ಸಿಗೆ ಕೂತೆ. ಮೈಮೇಲೆ ಹುತ್ತ ಬೆಳೆಯಿತು. ಆಮೇಲೆ ವರ ಸಿಕ್ಕಿತು.

ನನಗೆ ಇದೇ ದೊಡ್ಡ ವಿಷಯ ಅನ್ನಿಸುತ್ತದೆ. ಖಳನ ಶಕ್ತಿ ಅವನು ದುಡಿದು ಸಂಪಾದಿಸಿದ್ದಾಗಿರಬೇಕು. ನಮ್ಮ ಪುರಾಣದ ರಾಕ್ಷಸರು ನಾಯಕನಷ್ಟೇ, ಕೆಲವು ಸಲ ಅವನಿಗಿಂತ ಜಾಸ್ತಿ ಕಷ್ಟ ಪಟ್ಟವರು. ಹಿರಣ್ಯಕಶಿಪು ಕೇಳಿದ ವರವನ್ನೇ ನೋಡಿ. ಹಗಲೂ ಸಾಯಬಾರದು, ರಾತ್ರಿಯೂ ಸಾಯಬಾರದು. ಒಳಗೂ ಬೇಡ, ಹೊರಗೂ ಬೇಡ. ಮನುಷ್ಯನಿಂದಲೂ ಬೇಡ, ಮೃಗದಿಂದಲೂ ಬೇಡ. ಎಷ್ಟು ಹೆದರಿದವನು ಹೀಗೆ ಒಂದೊಂದೇ ಬಾಗಿಲು ಹಾಕಿಕೊಂಡು ಬರ್ತಾನೆ, ಅಲ್ವಾ? ತಮ್ಮನ ಸಾವನ್ನು ಕಂಡವನ ಭಯ ಅದು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಡಾ. ರಾಜ್‌ಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. ನಿಜವಾದ ಅಪ್ಪ ಮಗನೇ ಎದುರುಬದುರು ನಿಂತಿದ್ದರು. ಆ ಅಬ್ಬರದೊಳಗೆ ಮಗ ಕೈಬಿಟ್ಟು ಹೋಗುತ್ತಿದ್ದಾನೆ ಅನ್ನೋ ಸಂಕಟ ನನಗೆ ಇವತ್ತಿಗೂ ಕಾಣುತ್ತದೆ.

2015ರ ‘ಬಾಹುಬಲಿ’ಯಲ್ಲಿ ಎರಡೂ ಥರದ ಖಳರಿದ್ದಾರೆ. ಭಲ್ಲಾಳದೇವನನ್ನು ನಾನು ಒಪ್ಪುತ್ತೇನೆ. ರಾಜ್ಯದ ಮೇಲೆ ದಂಡೆತ್ತಿ ಬಂದ ಕಾಲಕೇಯರ ನಾಯಕನನ್ನು ಕೊಂದವನಿಗೆ ಪಟ್ಟ ಅಂತ ಮಾತಾಗಿತ್ತು. ಕೊನೆಯ ಏಟು ಕೊಟ್ಟವನು ಅವನೇ. ಪಟ್ಟ ಮಾತ್ರ ತಮ್ಮನಿಗೆ ಹೋಯಿತು, ಅದೂ ಹೆತ್ತ ತಾಯಿಯ ಬಾಯಿಂದಲೇ. ತಾಯಿ ಹೇಳಿದ್ದು ಸರಿಯಾಗಿಯೇ ಇತ್ತು. ಗೆಲ್ಲುವ ಆತುರದಲ್ಲಿ ಅವನು ತನ್ನ ಪ್ರಜೆಗಳನ್ನೇ ತುಳಿದುಕೊಂಡು ಹೋಗಿದ್ದ. ಆದರೂ ಆ ಗಳಿಗೆಯಲ್ಲಿ ಅವನ ಮುಖ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಮುಂದೆ ತಮ್ಮನ ಹೆಂಡತಿ ದೇವಸೇನೆಯನ್ನು 25 ವರ್ಷ ಸರಪಳಿಯಲ್ಲಿಟ್ಟಾಗ ಆ ಕ್ರೌರ್ಯದ ಬೇರು ಎಲ್ಲಿದೆ ಅಂತ ನಮಗೆ ಗೊತ್ತಿರುತ್ತದೆ.

ಅದೇ ಸಿನಿಮಾದ ಕಾಲಕೇಯರ ಬಗ್ಗೆ ನನಗೆ ಬೇಜಾರಿದೆ. ಅವರಿಗೊಂದು ಭಾಷೆಯನ್ನೇ ಹುಟ್ಟಿಸಿದರು, ಅದು ಸಣ್ಣ ಕೆಲಸವಲ್ಲ. ಆದರೆ ಮೈಗೆ ಕಪ್ಪು ಬಳಿದು, ಹಲ್ಲು ಕೆಡಿಸಿ, ಇವರು ಕೆಟ್ಟವರು ಅಂದುಬಿಟ್ಟರು. ನಮ್ಮ ಕಡೆ ಬಿಸಿಲಲ್ಲಿ ದುಡಿಯುವವರ ಬಣ್ಣವೂ ಅದೇ. ನಮ್ಮಜ್ಜನ ಬಣ್ಣವೂ ಅದೇ. ಬಣ್ಣ ನೋಡಿ ಹೆದರಿಕೊಳ್ಳಿ ಅಂತ ಮಕ್ಕಳಿಗೆ ಕಲಿಸೋದು ತಪ್ಪು.

ನನ್ನನ್ನು ನಿಜವಾಗಿ ನಡುಗಿಸಿದವಳು ಗುಲಾಬಿ ಬಣ್ಣದ ಕೋಟು ಹಾಕಿಕೊಂಡು ನಗುತ್ತಲೇ ಬರುವವಳು. 2007ರ ಹ್ಯಾರಿ ಪಾಟರ್ ಸಿನಿಮಾದ ಟೀಚರ್ ಅಂಬ್ರಿಜ್. ಅವಳ ಕೋಣೆಯ ಗೋಡೆ ತುಂಬ ಬೆಕ್ಕಿನ ಚಿತ್ರದ ತಟ್ಟೆಗಳು. ಹುಡುಗನ ಕೈಗೆ ಒಂದು ಲೇಖನಿ ಕೊಟ್ಟು, ನಾನು ಸುಳ್ಳು ಹೇಳಬಾರದು ಅಂತ ಬರೆಸುತ್ತಾಳೆ. ಕಾಗದದ ಮೇಲೆ ಬರೆದದ್ದು ಅವನ ಕೈಯ ಚರ್ಮದ ಮೇಲೇ ಕೊರೆದುಕೊಳ್ಳುತ್ತದೆ. ಅವಳು ಸುಮ್ನೆ ನಿಂತು ನೋಡುತ್ತಾಳೆ. ಅವಳ ಶಕ್ತಿ ಎಲ್ಲಿಂದ ಬಂತು ಅನ್ನೋದೂ ಕಣ್ಣೆದುರೇ ಇದೆ. ಶಾಲೆಯ ಗೋಡೆಗೆ ಒಂದಾದ ಮೇಲೊಂದು ಅವಳ ಹೊಸ ಆದೇಶದ ಚೌಕಟ್ಟು ಹೊಡೆಯುತ್ತಾ ಹೋಗುತ್ತಾರೆ. ಒಂದೊಂದು ಮೊಳೆಗೂ ಅವಳು ಬೆಳೆಯುತ್ತಾಳೆ. ನಾನು ಓದಿದ ಶಾಲೆಯಲ್ಲೂ ನಗುತ್ತಲೇ ಕಿವಿ ಹಿಂಡುವ ಮೇಷ್ಟ್ರೊಬ್ಬರಿದ್ದರು. ಅವರ ಬೂಟಿನ ಸದ್ದು ಇನ್ನೂ ನೆನಪಿದೆ.

ಈಗ ಕೆಲವು ಸಿನಿಮಾದವರು ಕೊನೆಯ ಹತ್ತು ನಿಮಿಷದಲ್ಲಿ ಖಳನ ಬಾಲ್ಯದ ಒಂದು ಫ್ಲ್ಯಾಷ್‌ಬ್ಯಾಕ್ ತಂದು ತುರುಕುತ್ತಾರೆ. ಅದರಿಂದ ಏನೂ ಆಗೋದಿಲ್ಲ. ಸಾರಥಿ ಕೇಳೋದು ಮೊದಲಿಗೇ.

ಅಜ್ಜನ ಆಟದಲ್ಲಿ ಕಂಬ ಒಡೆಯುವ ಹೊತ್ತಿಗೆ ಮೂಡಲ ದಿಕ್ಕು ಬೆಳ್ಳಗಾಗುತ್ತಿತ್ತು. ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಗಂಡ ಇನ್ನರ್ಧ ಗಂಟೆಯಲ್ಲಿ ಬಣ್ಣ ಒರೆಸಿಕೊಂಡು ಟೀ ಕುಡಿಯೋಕೆ ಮನೆಗೆ ಬರ್ತಾರೆ ಅಂತ ಅಜ್ಜಿಗೆ ಗೊತ್ತಿತ್ತು. ಆದರೂ ಆ ಹೊತ್ತಿಗೆ ಸೆರಗಲ್ಲಿ ಮುಖ ಮುಚ್ಚಿಕೊಂಡುಬಿಡೋರು. ಪಕ್ಕದಲ್ಲಿ ಕೂತಿದ್ದ ನನಗೆ ಪ್ರತಿ ಸಲವೂ ಅದೇ ಮಾತು ಕೇಳಿಸುತ್ತಿತ್ತು: ‘ಅಷ್ಟೊಂದು ತಪಸ್ಸು ಮಾಡಿದ್ನಲ್ಲೋ ಪಾಪ.’